ಇತ್ತ ಕಡೆ ಎಲ್ಲರೂ ಕ್ಷೇಮ

ದೊಡ್ಡವರ ಪತ್ರಗಳನ್ನು ನಾವು ಸಾಹಿತ್ಯವೆಂದು ಓದುತ್ತೇವೆ. ಸಾಮಾನ್ಯರ ಪತ್ರಗಳನ್ನು ದಾಖಲೆಯೆಂದು ಕಟ್ಟಿಡುತ್ತೇವೆ. ಕವಿಯೊಬ್ಬ ಗೆಳೆಯನಿಗೆ ಬರೆದ ನಾಲ್ಕು ಸಾಲು ಸಿಕ್ಕರೂ ಅದರಲ್ಲಿ ಶೈಲಿಯನ್ನು ಹುಡುಕುವ ವಿಮರ್ಶಕನು, ಸಿಪಾಯಿಯೊಬ್ಬ ತಾಯಿಗೆ ಬರೆಸಿದ ಕಾಗದ ಕೈಗೆ ಬಂದಾಗ ಅದನ್ನು ಇತಿಹಾಸಕಾರನ ಮೇಜಿಗೆ ದಾಟಿಸಿ ಸುಮ್ಮನಾಗುತ್ತಾನೆ. ಈ ಪಂಕ್ತಿಭೇದ ನ್ಯಾಯವಾದದ್ದೇ ಎಂಬ ಪ್ರಶ್ನೆ ಬಹುಕಾಲದಿಂದ ನನ್ನ ಮನಸ್ಸಿನಲ್ಲಿದೆ. ಅದನ್ನು ಎರಡು ಪುಸ್ತಕಗಳನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರಮಾಡಬೇಕೆಂದಿದ್ದೇನೆ. ಒಂದು, ಡೇವಿಡ್ ಒಮಿಸ್ಸಿ ಎಂಬ ಇತಿಹಾಸಜ್ಞರು ಸಂಪಾದಿಸಿ 1999ರಲ್ಲಿ ಹೊರತಂದ ‘ಇಂಡಿಯನ್ ವಾಯ್ಸಸ್ ಆಫ್ ದಿ ಗ್ರೇಟ್ ವಾರ್’. ಮೊದಲನೆಯ ಮಹಾಯುದ್ಧದಲ್ಲಿ ಭಾರತದ ಸಿಪಾಯಿಗಳು ಬರೆದ ಕಾಗದಗಳ ಸಂಕಲನ. ಇನ್ನೊಂದು, ಅದೇ ಯುದ್ಧಕ್ಕೆ ಹೋಗಿದ್ದ ಶಿಶಿರ್ ಪ್ರಸಾದ್ ಸರ್ವಾಧಿಕಾರಿಯವರು 1957ರಲ್ಲಿ ಬಂಗಾಳಿಯಲ್ಲಿ ಪ್ರಕಟಿಸಿದ ‘ಅಭಿ ಲೇ ಬಗ್ದಾದ್’. ಇದು ದಿನಚರಿಯಿಂದ ಬೆಳೆದ ಪುಸ್ತಕ.

ಮೊದಲು ಕಾಗದಗಳ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. 1914ರ ಸೆಪ್ಟೆಂಬರ್ ತಿಂಗಳ ಕೊನೆಗೆ ಭಾರತದ ಪಡೆಗಳು ಫ್ರಾನ್ಸಿನ ಮಾರ್ಸೇಲ್ಸ್ ರೇವಿನಲ್ಲಿ ಇಳಿಯತೊಡಗಿದವು. ಪಂಜಾಬಿನವರು, ಗಢವಾಲಿನವರು, ಗೂರ್ಖರು, ಪಠಾಣರು, ಮರಾಠರು, ಎಲ್ಲರೂ ಅದರಲ್ಲಿದ್ದರು. ಮುಕ್ಕಾಲುಪಾಲು ಒಕ್ಕಲು ಮಕ್ಕಳು. ಹಿಮ ಬೀಳುವ ನಾಡಿನ ಮೊದಲ ಚಳಿಗಾಲವನ್ನು ಹಲವರು ತೆಳುವಾದ ಬಟ್ಟೆಯಲ್ಲೇ ಎದುರಿಸಬೇಕಾಯಿತು. ಆ ಶರತ್ಕಾಲದಲ್ಲಿ ಈಪ್ರ್ ಪಟ್ಟಣದ ಬಳಿ, 1915ರ ಮಾರ್ಚ್ ತಿಂಗಳಲ್ಲಿ ನೂವ್ ಶಾಪೆಲ್ ಎಂಬಲ್ಲಿ, ಸೆಪ್ಟೆಂಬರಿನಲ್ಲಿ ಲೂಸ್ ಎಂಬಲ್ಲಿ ಕಾದಿದರು. ಅದೇ ವರ್ಷದ ಕೊನೆಗೆ ಕಾಲಾಳುಗಳನ್ನು ಮೆಸೊಪೊಟೇಮಿಯಾಕ್ಕೆ ಕಳುಹಿಸಲಾಯಿತು. ಕುದುರೆ ಸವಾರರು 1918ರ ಆರಂಭದವರೆಗೆ ಫ್ರಾನ್ಸಿನಲ್ಲೇ ಉಳಿದರು. ಹೀಗೆ ಆ ದೇಶಕ್ಕೆ ಹೋದ ಭಾರತೀಯರ ಸಂಖ್ಯೆ ಸುಮಾರು 1,38,000. ಇವರಲ್ಲಿ ಓದುಬರಹ ಬಲ್ಲವರು ಬಹಳ ಕಡಿಮೆ. ಆದರೂ 1915ರ ಮಾರ್ಚ್ ವೇಳೆಗೆ ಇವರ ಪಾಳೆಯಗಳಿಂದ ವಾರಕ್ಕೆ ಹತ್ತರಿಂದ ಇಪ್ಪತ್ತು ಸಾವಿರ ಕಾಗದಗಳು ಊರಿಗೆ ಹೊರಡುತ್ತಿದ್ದವು.

ಅಷ್ಟು ಕಾಗದ ಹೊರಟರೆ ಸರ್ಕಾರ ಸುಮ್ಮನಿದ್ದೀತೆ? ರಾಜದ್ರೋಹದ ಬರಹ ಸಿಪಾಯಿಯ ಕೈಗೆ ಬೀಳಬಹುದು, ಸಿಪಾಯಿಯ ಅಸಮಾಧಾನ ಊರಿಗೆ ಹರಡಬಹುದು ಎಂಬ ಎರಡು ಭಯಗಳಿಂದ ಬೂಲೋನ್ ಪಟ್ಟಣದಲ್ಲಿ ಭಾರತೀಯ ಟಪಾಲಿಗಾಗಿಯೇ ಒಂದು ಸೆನ್ಸಾರ್ ಕಚೇರಿ ಏರ್ಪಟ್ಟಿತು. ಅದರ ಮೊದಲ ಮುಖ್ಯಸ್ಥ ಹವೆಲ್ ಎಂಬ ಐ.ಸಿ.ಎಸ್. ಅಧಿಕಾರಿ. ಉರ್ದು, ಗುರುಮುಖಿ, ಹಿಂದಿ, ಮರಾಠಿ, ಪಷ್ತೊ ಕಾಗದಗಳನ್ನು ಅಲ್ಲಿ ತೆರೆದು ಓದಿ, ಮುಖ್ಯವೆನಿಸಿದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ವರದಿಗೆ ಲಗತ್ತಿಸುತ್ತಿದ್ದರು. ಮೂಲ ಕಾಗದ ಸಾಮಾನ್ಯವಾಗಿ ತನ್ನ ದಾರಿ ಹಿಡಿದು ಊರಿಗೆ ಹೋಗುತ್ತಿತ್ತು. ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಒಮಿಸ್ಸಿಯವರು ಅವುಗಳಿಂದ ಆರುನೂರಕ್ಕೂ ಹೆಚ್ಚು ಕಾಗದಗಳನ್ನು ಆಯ್ದು ಕಾಲಕ್ರಮದಲ್ಲಿ ಜೋಡಿಸಿದ್ದಾರೆ.

ಈ ಕಾಗದಗಳ ಕರ್ತೃ ಯಾರು? ವಿಮರ್ಶಕನಿಗೆ ಎದುರಾಗುವ ಮೊದಲ ತೊಡಕು ಇದು. ಬರೆಯಲು ಬಾರದ ಸಿಪಾಯಿ ಹೇಳುತ್ತಾನೆ. ನಾಲ್ಕಕ್ಷರ ಬಲ್ಲ ಜೊತೆಗಾರನೊಬ್ಬ ಬರೆಯುತ್ತಾನೆ. ಸುತ್ತ ಕುಳಿತವರು ಕೇಳಿಸಿಕೊಳ್ಳುತ್ತಾರೆ. ಪಲ್ಟಣದ ಅಧಿಕಾರಿ ಅದನ್ನು ನೋಡಬಹುದು. ಬೂಲೋನಿನಲ್ಲಿ ಮತ್ತೊಬ್ಬ ತೆರೆಯಬಹುದು. ಊರು ಸೇರಿದ ಮೇಲೆ ಓದಬಲ್ಲವನೊಬ್ಬ ಅದನ್ನು ಅಂಗಳದಲ್ಲಿ ಗಟ್ಟಿಯಾಗಿ ಓದುತ್ತಾನೆ. ಹೆಂಡತಿಗೆಂದು ಹೇಳಿದ ಮಾತು ಅವಳ ಕಿವಿಗೆ ಬೀಳುವ ಹೊತ್ತಿಗೆ ಹತ್ತು ಜನರ ಕಿವಿಯನ್ನು ಹಾಯ್ದು ಬಂದಿರುತ್ತದೆ. ಏಕಾಂತವೇ ಇಲ್ಲದ ಬರವಣಿಗೆ ಇದು. ಪತ್ರವೆಂದರೆ ಹೃದಯ ಹೃದಯದೊಡನೆ ಆಡುವ ಗುಟ್ಟಿನ ಮಾತು ಎಂಬ ನಮ್ಮ ಲಕ್ಷಣ ಇಲ್ಲಿ ಸಲ್ಲುವುದಿಲ್ಲ.

ಆದರೆ ನಮ್ಮ ಹಿರಿಯರ ಕಾಗದಗಳನ್ನು ಕಂಡವರಿಗೆ ಈ ಬಗೆ ಅಪರಿಚಿತವಲ್ಲ. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಉಭಯ ಕುಶಲೋಪರಿ, ಇತ್ತ ಕಡೆ ಎಲ್ಲರೂ ಕ್ಷೇಮ, ಅತ್ತ ಕಡೆಯ ಕ್ಷೇಮಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರುವುದು. ಮನೆಯಲ್ಲಿ ಸಾಲ ಕುತ್ತಿಗೆಯವರೆಗೆ ಬಂದಿದ್ದರೂ ಮೊದಲ ಸಾಲಿನಲ್ಲಿ ಕ್ಷೇಮವೇ. ಫ್ರಾನ್ಸಿನ ಕಂದಕದಲ್ಲಿ ಮೊಳಕಾಲುದ್ದದ ಕೆಸರಿನಲ್ಲಿ ನಿಂತವನ ಕಾಗದವೂ ಹೀಗೆಯೇ ತೊಡಗುತ್ತದೆ: ದೇವರ ದಯೆಯಿಂದ ನಾನು ಕ್ಷೇಮ, ನಿಮ್ಮ ಕ್ಷೇಮವನ್ನು ಬೇಡುತ್ತೇನೆ. ಅವಸರದ ಓದುಗ ಇದನ್ನು ಹಾರಿಸಿ ಮುಂದಕ್ಕೆ ಹೋಗುತ್ತಾನೆ. ಹಾರಿಸಬಾರದೆಂದು ನನ್ನ ಮತ. ಗುಂಡು ತಗುಲಿ ಆಸ್ಪತ್ರೆಯಲ್ಲಿ ಮಲಗಿದವನು ‘ಕ್ಷೇಮ’ ಎಂದು ಬರೆಸುವಾಗ ಆ ಪದಕ್ಕೆ ನಿಘಂಟಿನ ಅರ್ಥ ಉಳಿದಿರುವುದಿಲ್ಲ. ‘ಈ ಕಾಗದ ಬರೆಸುವ ದಿನದವರೆಗೆ ಸತ್ತಿಲ್ಲ’ ಎಂಬುದೇ ಅದರ ಅರ್ಥ. ಕಾಗದ ತಲುಪುವ ದಿನ ಏನಾಗಿರುವುದೋ, ಅದು ಹೇಳುವವನಿಗೂ ತಿಳಿಯದು, ಕೇಳುವವರಿಗೂ ತಿಳಿಯದು.

ರೂಢಿಯ ಮಾತು ಮುಗಿದು ಯುದ್ಧದ ವರ್ಣನೆ ಬಂದಾಗ ಸಿಪಾಯಿಗೆ ಇನ್ನೊಂದು ಕಷ್ಟ. ಊರಿನಲ್ಲಿ ಯಾರೂ ಕಾಣದ ವಸ್ತುವನ್ನು ಅವರಿಗೆ ಕಾಣಿಸಬೇಕು. ಆಗ ಅವನ ಕೈಗೆ ಬರುವ ಸಾಧನ ಒಂದೇ, ಉಪಮೆ. ಆ ಉಪಮೆಯ ಸಾಮಗ್ರಿಯೆಲ್ಲ ಹೊಲದಿಂದಲೂ ಅಡಿಗೆಮನೆಯಿಂದಲೂ ಬಂದದ್ದು. ಫಿರಂಗಿಯ ಗುಂಡುಗಳು ಮಳೆಗಾಲದ ಮಳೆಯಂತೆ ಸುರಿಯುತ್ತವೆ. ಹೆಣಗಳು ಸುಗ್ಗಿಯಲ್ಲಿ ಕೊಯ್ದು ಹರಡಿದ ತೆನೆಯ ಕಟ್ಟುಗಳಂತೆ ಬಿದ್ದಿವೆ. ಗಾಯ ಮಾಯಿತೆಂದು ಮತ್ತೆ ಯುದ್ಧಕ್ಕೆ ಹೊರಟವನ ಪಾಡು, ಒಮ್ಮೆ ಹುರಿದ ಕಾಳನ್ನು ಎರಡನೆಯ ಬಾರಿ ಒಲೆಗೆ ಎಸೆದಂತೆ. ಇನ್ನು ಕೆಲವರಿಗೆ ಹೊಲವೂ ಸಾಲದೆ ಮಹಾಭಾರತದ ಯುದ್ಧವೇ ನೆನಪಿಗೆ ಬರುತ್ತದೆ.

ಕಾಳಿನ ಉಪಮೆಯನ್ನು ಸ್ವಲ್ಪ ನಿಂತು ನೋಡಿ. ಒಮ್ಮೆ ಹುರಿದ ಕಾಳು ಮೊಳೆಯದು. ಎರಡನೆಯ ಸಲ ಒಲೆಗೆ ಬಿದ್ದರೆ ಅದು ತಿನ್ನುವುದಕ್ಕೂ ಬಾರದು. ಬಿತ್ತುವವನೂ ಉಣ್ಣುವವನೂ ಇಬ್ಬರೂ ಕೈಬಿಟ್ಟ ಪದಾರ್ಥವೆಂದು ಒಕ್ಕಲಿಗನ ಮನೆಯಲ್ಲಿ ಬಿಡಿಸಿ ಹೇಳಬೇಕಾದ್ದಿಲ್ಲ. ಇದು ಅಲಂಕಾರಕ್ಕಾಗಿ ಬಂದದ್ದಲ್ಲ, ಅಗತ್ಯಕ್ಕಾಗಿ ಬಂದದ್ದು. ಉಪಮಾನ ಕೇಳುವವನಿಗೆ ಗೊತ್ತಿರಬೇಕೆಂಬ ಔಚಿತ್ಯವನ್ನು ಈ ನಿರಕ್ಷರಿಗಳು ಯಾವ ಗ್ರಂಥದಿಂದಲೂ ಕಲಿಯಲಿಲ್ಲ. ಬಲ್ಲಿದ ಕವಿಗಳು ಕೂಡ ಎಷ್ಟೋ ಸಾರಿ ಅದನ್ನು ಮರೆಯುತ್ತಾರೆ.

ಇನ್ನು ಹೇಳಬಾರದ ಮಾತು. ಕಾಗದಗಳನ್ನು ಸರ್ಕಾರ ಓದುತ್ತದೆಂಬುದು ಸಿಪಾಯಿಗಳಿಗೆ ಬೇಗನೆ ತಿಳಿಯಿತು. ತಿಳಿದ ಮೇಲೆ ಅವರ ಬರವಣಿಗೆ ಮಾರ್ಪಟ್ಟಿತು. ಗಾಯಾಳುವೊಬ್ಬ ಪಂಜಾಬಿಗೆ ಬರೆಸಿದ ಒಂದು ಕಾಗದ ಈಗ ಪ್ರಸಿದ್ಧವಾಗಿದೆ. ಹಿಂದೂಸ್ತಾನದಿಂದ ಬಂದ ಕರಿಮೆಣಸು ಮುಗಿದುಹೋಯಿತು, ಇನ್ನಷ್ಟು ತರಿಸುತ್ತಾರೆ. ಕರಿಮೆಣಸು ಬಹಳ ಖಾರ, ಕೆಂಪುಮೆಣಸು ಅಷ್ಟು ಖಾರವಲ್ಲ. ಇದು ಗುಟ್ಟು, ನೀನು ಜಾಣ. ಇದು ಅದರ ಸಾರಾಂಶ. ಕರಿಮೆಣಸೆಂದರೆ ಭಾರತದ ಸಿಪಾಯಿ, ಕೆಂಪುಮೆಣಸೆಂದರೆ ಬಿಳಿಯ ಸೋಲ್ಜರ್. ನಮ್ಮವರನ್ನು ಸಾಮಾನಿನಂತೆ ಖರ್ಚುಮಾಡುತ್ತಿದ್ದಾರೆ ಎಂಬ ದೂರು ಅದರಲ್ಲಿದೆ. ನಾವು ಅವರಿಗಿಂತ ಗಟ್ಟಿ ಎಂಬ ಹೆಮ್ಮೆಯೂ ಇದೆ. ಬರುವವರಿದ್ದರೆ ತಡೆ ಎಂಬ ಎಚ್ಚರಿಕೆಯೂ ಅದರ ಹಿಂದೆ ಕೇಳಿಸುತ್ತದೆ. ಒಂದು ಮೆಣಸಿನ ಮಾತಿನಲ್ಲಿ ಮೂರು ಅರ್ಥಗಳು.

ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಹೆಸರುಂಟು. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿಗೆ ಕೊಡುವ ಉದಾಹರಣೆಗಳಲ್ಲಿ ಒಂದು ಪ್ರಾಕೃತ ಗಾಥೆಯಿದೆ. ಅದರಲ್ಲಿ ಒಬ್ಬ ಹೆಣ್ಣು, ನಾಯಿಗೆ ಹೆದರುತ್ತಿದ್ದ ಧಾರ್ಮಿಕನಿಗೆ, ಇನ್ನು ನಿಶ್ಚಿಂತೆಯಾಗಿ ಬಾ, ಆ ನಾಯಿಯನ್ನು ಸಿಂಹವು ಕೊಂದಿತು ಎನ್ನುತ್ತಾಳೆ. ವಾಚ್ಯಾರ್ಥ ‘ಬಾ’ ಎಂದು. ಧ್ವನಿ ‘ಬರಬೇಡ’ ಎಂದು. ಸಿಪಾಯಿಯ ಕಾಗದದ ರಚನೆಯೂ ಇದೇ. ವ್ಯತ್ಯಾಸವೆಲ್ಲ ಕಾರಣದಲ್ಲಿದೆ. ಕವಿ ಸೊಗಸಿಗಾಗಿ ಮರೆಮಾಡಿದ. ಸಿಪಾಯಿ ಶಿಕ್ಷೆಯ ಭಯದಿಂದ ಮರೆಮಾಡಿದ. ಆದರೆ ಭಯದಿಂದ ಹುಟ್ಟಿದ್ದೆಂಬ ಕಾರಣಕ್ಕೆ ಅದು ಧ್ವನಿಯಲ್ಲವೆನ್ನಲು ಬರುವುದಿಲ್ಲ. ‘ನೀನು ಜಾಣ’ ಎಂದನಲ್ಲ, ಸಹೃದಯನೆಂದರೆ ಯಾರು ಎಂಬುದಕ್ಕೆ ಇಷ್ಟು ಚಿಕ್ಕ ವ್ಯಾಖ್ಯಾನ ಬೇರೆ ಎಲ್ಲಿದೆ?

ಆದರೆ ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಸಿಪಾಯಿ ‘ಜಾಣ’ ಎಂದದ್ದು ಊರಿನ ಬಂಧುವನ್ನು. ಬೂಲೋನಿನಲ್ಲಿ ಕುಳಿತ ಅಧಿಕಾರಿಯೂ ಜಾಣನೇ ಆಗಿದ್ದ. ಅವನು ಅರ್ಥವನ್ನು ಬಿಡಿಸಿದ್ದರಿಂದಲೇ ಆ ಕಾಗದ ವರದಿಗೆ ಸೇರಿತು; ವರದಿಗೆ ಸೇರಿದ್ದರಿಂದಲೇ ನಮ್ಮ ಕೈಗೆ ಬಂತು. ಪೂರ್ತಿಯಾಗಿ ಮರೆಯಾದ ಮಾತು ಯಾರ ಕಣ್ಣಿಗೂ ಬೀಳದೆ ಊರು ಸೇರಿ, ಕೇಳಬೇಕಾದವರಿಗೆ ಕೇಳಿಸಿ, ಅಲ್ಲೇ ಮುಗಿದಿರಬೇಕು. ನಾವು ಓದುತ್ತಿರುವ ಗುಟ್ಟುಗಳು ಸಿಕ್ಕಿಬಿದ್ದ ಗುಟ್ಟುಗಳು. ಆದ್ದರಿಂದ ಈ ಪುಸ್ತಕವನ್ನು ‘ಸಿಪಾಯಿಯ ಮನಸ್ಸು’ ಎಂದು ಹೇಳಿಬಿಡುವುದು ಸಾಹಸದ ಮಾತು.

ಹವೆಲನ ಇನ್ನೊಂದು ಟಿಪ್ಪಣಿಯನ್ನು ಸಾಹಿತ್ಯದವರು ಗಮನಿಸಲೇಬೇಕು. 1915ರ ಆರಂಭದಲ್ಲಿ ಅವನು ತನ್ನ ವರದಿಯಲ್ಲಿ, ಸಿಪಾಯಿಗಳು ಕಾಗದದ ನಡುವೆ ಪದ್ಯಕ್ಕೆ ತಿರುಗುವುದು ಹೆಚ್ಚುತ್ತಿದೆ, ಇದು ಮನಸ್ಸಿನ ಕ್ಷೋಭೆಯ ಅಪಶಕುನವೆಂದು ತನಗೆ ತೋರುತ್ತದೆ ಎಂಬ ಅರ್ಥದಲ್ಲಿ ಬರೆದ. ಕವಿತೆಯನ್ನು ರೋಗಲಕ್ಷಣವೆಂದು ಸರ್ಕಾರಿ ಕಡತದಲ್ಲಿ ನಮೂದಿಸಿದ ಮಾತು ಓದಿ ಮೊದಲು ನಗು ಬರುತ್ತದೆ. ಸ್ವಲ್ಪ ಯೋಚಿಸಿದರೆ ನಗು ನಿಲ್ಲುತ್ತದೆ. ಆ ಅಧಿಕಾರಿ ಕವಿತೆಯನ್ನು ನಮ್ಮಲ್ಲಿ ಅನೇಕರಿಗಿಂತ ಗಂಭೀರವಾಗಿ ತೆಗೆದುಕೊಂಡಿದ್ದ. ಗದ್ಯದಲ್ಲಿ ‘ಕ್ಷೇಮ’ ಎಂದವನು ಪದ್ಯಕ್ಕೆ ತಿರುಗಿದರೆ, ಗದ್ಯ ತಾಳಲಾರದ್ದೇನೋ ಅವನಲ್ಲಿ ತುಂಬಿದೆ ಎಂದು ಅವನು ಕಂಡುಕೊಂಡ. ಓದು ಸರಿಯಾದ ಓದು. ಉದ್ದೇಶ ಮಾತ್ರ ಬೇರೆ. ಆ ಓದು ಸಿಪಾಯಿಯ ದುಃಖವನ್ನು ಅಳೆಯಿತು, ಪಲ್ಟಣದ ಉಪಯೋಗವನ್ನು ಲೆಕ್ಕಹಾಕುವುದಕ್ಕಾಗಿ.

ಈ ಕಾಗದಗಳನ್ನು ಎರಡು ಪಕ್ಷದವರು ಎರಡು ಬಗೆಯಾಗಿ ಬಳಸುತ್ತ ಬಂದಿದ್ದಾರೆ. ಸಾಮ್ರಾಜ್ಯವನ್ನು ಹೊಗಳುವವರು ಚಕ್ರವರ್ತಿಯ ಮೇಲಣ ನಿಷ್ಠೆಯ ಮಾತುಗಳನ್ನು ಎತ್ತಿ ತೋರಿಸುತ್ತಾರೆ. ಸಾಮ್ರಾಜ್ಯವನ್ನು ತೆಗಳುವವರು ಹುರಿದ ಕಾಳನ್ನೂ ಕರಿಮೆಣಸನ್ನೂ ತೋರಿಸುತ್ತಾರೆ. ಇಬ್ಬರಿಗೂ ಬೇಕಾದದ್ದು ಸಾಕ್ಷಿ, ಮನುಷ್ಯನಲ್ಲ. ಒಬ್ಬನೇ ಸಿಪಾಯಿ ಒಂದೇ ಕಾಗದದಲ್ಲಿ ಇಜ್ಜತ್ತಿನ ಮಾತನ್ನಾಡಿ, ಮರುಸಾಲಿನಲ್ಲಿ ತಮ್ಮನನ್ನು ಸೇನೆಗೆ ಸೇರಿಸಬೇಡಿ ಎಂದು ಸೂಚಿಸಬಲ್ಲ. ಇದು ಕಪಟವೇ? ಹಳಗನ್ನಡದ ಕಾವ್ಯ ಶಾಸನಗಳನ್ನು ಬಲ್ಲವರು ‘ಜೋಳವಾಳಿ’ಯನ್ನು ನೆನೆಯಬಹುದು. ಉಂಡ ಜೋಳದ ಋಣವನ್ನು ಜೀವ ಕೊಟ್ಟು ತೀರಿಸುವ ಧರ್ಮ ಅದು. ಸಿಪಾಯಿಯೂ ತಾನು ತಿಂದ ಉಪ್ಪನ್ನೇ ಹೇಳುತ್ತಾನೆ. ಆದರೆ ಆ ಋಣ ತನ್ನದು, ತಮ್ಮನದಲ್ಲ. ತಾನು ತೀರಿಸುವೆನೆಂಬ ಹೆಮ್ಮೆಯೂ ತಮ್ಮನಾದರೂ ಉಳಿಯಲೆಂಬ ಆಸೆಯೂ ಒಂದೇ ಎದೆಯಲ್ಲಿ ಇರಬಲ್ಲವು. ನಮ್ಮ ವೀರಗಲ್ಲುಗಳಲ್ಲಿ ಮೊದಲನೆಯದು ಮಾತ್ರ ಕಾಣುತ್ತದೆ. ಅವನ್ನು ನಿಲ್ಲಿಸಿದವರು ಉಳಿದವರು. ಕಾಗದದಲ್ಲಿ ಎರಡೂ ಕಾಣುತ್ತವೆ. ಅದನ್ನು ಬರೆಸಿದವನು ಸಾಯಲು ಹೊರಟವನು.

ಯಾವ ಪಕ್ಷಕ್ಕೂ ಸೇರದ ಕಾಗದಗಳೂ ಇಲ್ಲಿವೆ. ನನಗೆ ಅವೇ ಹೆಚ್ಚು ಪ್ರಿಯ. ಫ್ರೆಂಚ್ ಮುದುಕಿಯೊಬ್ಬಳ ಮನೆಯಲ್ಲಿ ತಂಗಿದ್ದ ಒಬ್ಬ ಸಿಪಾಯಿ ಅವಳನ್ನು ಕುರಿತು ಬರೆಯುತ್ತಾನೆ. ಮಕ್ಕಳನ್ನು ಯುದ್ಧಕ್ಕೆ ಕಳುಹಿಸಿದವಳು, ಭಾಷೆ ಬಾರದ ಈ ಪರದೇಶಿಯ ಬಟ್ಟೆ ಒಗೆದು, ಹಾಸಿಗೆ ಹಾಸಿ, ಕಾಫಿ ಕಾಯಿಸಿಕೊಟ್ಟು, ಹೊರಡುವ ದಿನ ಕಣ್ಣೀರು ಹಾಕಿದಳಂತೆ. ಇನ್ನು ಕೆಲವರು ಅಲ್ಲಿನ ಹೆಂಗಸರು ಓದು ಕಲಿತು ಹೊಲದ ಕೆಲಸವನ್ನೂ ನಡೆಸುವುದನ್ನು ಕಂಡು, ನಮ್ಮ ಹೆಣ್ಣುಮಕ್ಕಳನ್ನೂ ಶಾಲೆಗೆ ಕಳುಹಿಸಿ ಎಂದು ಮನೆಗೆ ಬರೆಯುತ್ತಾರೆ. ಬ್ರೈಟನ್ನಿನಲ್ಲಿ ಅರಮನೆಯನ್ನೇ ಆಸ್ಪತ್ರೆ ಮಾಡಿ, ಜಾತಿಮತಗಳಿಗೆ ತಕ್ಕಂತೆ ಬೇರೆ ಬೇರೆ ಅಡಿಗೆಮನೆಗಳನ್ನು ಏರ್ಪಡಿಸಿದ್ದರು. ಅಲ್ಲಿಂದ ಬಂದ ಕಾಗದಗಳು ಅದನ್ನು ಸ್ವರ್ಗವೆನ್ನುತ್ತವೆ. ಆ ಸ್ವರ್ಗದಿಂದ ಗುಣವಾದವರು ಮತ್ತೆ ಕಂದಕಕ್ಕೆ ಇಳಿಯಬೇಕಾಗಿತ್ತೆಂಬುದನ್ನು ನೆನೆದರೆ, ಹೊಗಳಿಕೆಯ ಒಳಗೂ ಬೇರೊಂದು ದನಿ ಕೇಳಿಸುತ್ತದೆ.

ಸಂಕಲನದ ದೊಡ್ಡ ಕೊರತೆ ಸಂಪಾದಕರದಲ್ಲ; ಸಾಮಗ್ರಿಯದು. ಪಠಾಣ, ಸಿಖ್, ಗೂರ್ಖ, ಮರಾಠ ಎಲ್ಲರೂ ಇಲ್ಲಿ ಒಂದೇ ಕಚೇರಿಯ ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ. ಉಪಮೆ ಅನುವಾದವನ್ನು ತಾಳಿಕೊಂಡಿದೆ, ದನಿ ತಾಳಿಕೊಂಡಿಲ್ಲ. ಕಳೆದದ್ದು ಎಷ್ಟೆಂದು ತಿಳಿಯಬೇಕಾದರೆ ಬರ್ಲಿನ್ನಿಗೆ ಹೋಗಬೇಕು. ಜರ್ಮನರ ಕೈಗೆ ಸೆರೆಸಿಕ್ಕ ನಮ್ಮ ಸಿಪಾಯಿಗಳನ್ನು ಆ ನಗರದ ಸಮೀಪದ ವುನ್ಸ್‌ಡಾರ್ಫ್ ಶಿಬಿರದಲ್ಲಿಟ್ಟಿದ್ದರು. ಭಾಷಾವಿದ್ವಾಂಸರು ಅಲ್ಲಿಗೆ ಹೋಗಿ ಅವರ ಮಾತನ್ನು ಧ್ವನಿಮುದ್ರಿಸಿಕೊಂಡರು. ಆ ಮುದ್ರಿಕೆಗಳು ಹಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ ಉಳಿದಿವೆ. 1916ರ ಡಿಸೆಂಬರಿನಲ್ಲಿ ಒಬ್ಬ ಸಿಖ್ ಸಿಪಾಯಿ ತನ್ನ ಕಥೆಯನ್ನು ಅಜ್ಜಿಕಥೆಯ ಧಾಟಿಯಲ್ಲಿ, ಬೇರೊಬ್ಬನ ಕಥೆಯೆಂಬಂತೆ ಪಂಜಾಬಿಯಲ್ಲಿ ಹೇಳುತ್ತಾನೆ. ಹಿಂದೂಸ್ತಾನದಲ್ಲಿ ಬೆಣ್ಣೆ ತಿಂದುಕೊಂಡಿದ್ದ ಒಬ್ಬ ಮನುಷ್ಯ ಯೂರೋಪಿನ ಯುದ್ಧಕ್ಕೆ ಬಂದು ಸೆರೆಸಿಕ್ಕಿದ. ಇನ್ನೆರಡು ವರ್ಷ ಇಲ್ಲೇ ಉಳಿದರೆ ಸಾಯುತ್ತಾನೆ. ದೇವರು ಸಂಧಿ ಮಾಡಿಸಿದರೆ ಊರಿಗೆ ಹೋದಾನು. ‘ನಾನು’ ಎಂಬ ಪದವನ್ನು ಬಿಟ್ಟು ತನ್ನನ್ನು ಕಥೆಯೊಳಗೆ ಬಚ್ಚಿಟ್ಟುಕೊಂಡ ಆ ದನಿ, ಕಾಗದಗಳಲ್ಲಿ ನಮಗೆ ಸಿಕ್ಕದ ದನಿ.

ಇದರಿಂದ ಕನ್ನಡಿಸುವವರಿಗೂ ಒಂದು ಪಾಠವುಂಟು. ಈ ಕಾಗದಗಳು ಕನ್ನಡಕ್ಕೆ ಬರಬೇಕೆಂಬುದು ನನ್ನ ಆಸೆ. ಆದರೆ ಇಂಗ್ಲಿಷಿನ ವಾಕ್ಯವನ್ನು ಹಾಗೆಯೇ ತಿರುಗಿಸಿದರೆ ಗುಮಾಸ್ತನ ಕನ್ನಡವಾದೀತು. ಹಳ್ಳಿಯ ಸೊಗಡಿಗೆಂದು ಯಾವುದೋ ಸೀಮೆಯ ಆಡುಮಾತನ್ನು ಹೊದಿಸಿದರೆ ವೇಷವಾದೀತು. ನಮ್ಮ ಹಳೆಯ ಕಾಗದಗಳ ‘ಕ್ಷೇಮ’ದ ಭಾಷೆ ಇದೆಯಲ್ಲ, ಅರ್ಧ ಶಿಷ್ಟ, ಅರ್ಧ ಮನೆಮಾತು, ಅದೇ ಸರಿಯಾದ ಅಚ್ಚು ಎಂದು ನನಗೆ ತೋರುತ್ತದೆ.

ಕಾಗದದ ಪಕ್ಕದಲ್ಲಿ ದಿನಚರಿಯನ್ನಿಟ್ಟು ನೋಡಿದರೆ ಎರಡರ ಸ್ವಭಾವವೂ ಸ್ಪಷ್ಟವಾಗುತ್ತದೆ. ಸರ್ವಾಧಿಕಾರಿಯವರು ಓದು ಬಲ್ಲ ಯುವಕರು. ಆದರೂ ಬೆಂಗಾಲ್ ಆಂಬ್ಯುಲೆನ್ಸ್ ದಳದಲ್ಲಿ ಸಾಮಾನ್ಯ ಸೇವಕನಾಗಿ 1915ರಲ್ಲಿ ಮೆಸೊಪೊಟೇಮಿಯಾಕ್ಕೆ ಹೋದವರು. ಟೈಗ್ರಿಸ್ ನದಿಯ ದಂಡೆಯ ಕೂಟ್ ಪಟ್ಟಣ ಮುತ್ತಿಗೆಗೆ ಸಿಕ್ಕಿ ತಿಂಗಳುಗಟ್ಟಲೆ ಹಸಿದು, 1916ರ ಏಪ್ರಿಲ್ 29ರಂದು ತುರ್ಕರಿಗೆ ಶರಣಾದಾಗ ಅವರೂ ಸೆರೆಯಾದರು. ತಮ್ಮ ದಿನಚರಿಯ ಹಾಳೆಗಳನ್ನು ಹರಿದು ಬೂಟಿನಲ್ಲಿ ಬಚ್ಚಿಟ್ಟುಕೊಂಡು ಮರುಭೂಮಿಯ ದಾರಿ ನಡೆದರು. ಯುದ್ಧ ಮುಗಿದು ಸುಮಾರು ನಾಲ್ಕು ದಶಕಗಳ ಮೇಲೆ ಅದು ಪುಸ್ತಕವಾಯಿತು.

ಕಾಗದಕ್ಕೆ ಓದುಗರು ಹೆಚ್ಚು. ದಿನಚರಿಗೆ ಓದುಗನೇ ಇಲ್ಲ. ಕಾಗದ ಮಾತನ್ನು ಮರೆಮಾಡಿತು. ದಿನಚರಿಯಲ್ಲಿ ಮಾತು ಬಯಲು, ಹಾಳೆಯೇ ಮರೆ. ಹಾಗಾಗಿ ಸರ್ವಾಧಿಕಾರಿಯವರಿಗೆ ಮೆಣಸಿನ ಸಂಕೇತ ಬೇಕಾಗಲಿಲ್ಲ. ಆರ್ಮೀನಿಯನ್ನರ ಮೇಲೆ ನಡೆದ ಘೋರವನ್ನು ಅವರು ಕಂಡು ನೇರವಾಗಿ ಬರೆದರು. ಆಸ್ಪತ್ರೆಯಲ್ಲಿ ತುರ್ಕಿ ಸೈನಿಕರೊಡನೆ ಮನೆಯ ಸುಖದುಃಖ ಹಂಚಿಕೊಂಡದ್ದನ್ನೂ ಬರೆದರು. ಶತ್ರುವಿನೊಡನೆ ಹಂಚಿಕೊಂಡ ದುಃಖವನ್ನು ಬೂಲೋನಿನ ಕಣ್ಣಿನ ಕೆಳಗೆ ಯಾವ ಸಿಪಾಯಿ ಬರೆಸಬಲ್ಲವನಾಗಿದ್ದ? ಸತ್ಯ ದಿನಚರಿಯಲ್ಲಿ ಹೆಚ್ಚು, ಇದನ್ನು ಒಪ್ಪಬೇಕು. ಆದರೆ ಕಲೆ ಯಾವುದರಲ್ಲಿ ಹೆಚ್ಚು ಎಂದು ಕೇಳಿದರೆ, ಹಿಂಜರಿಯುತ್ತಲೇ ನಾನು ಕಾಗದದ ಕಡೆಗೆ ಕೈತೋರುತ್ತೇನೆ. ತನಗೋಸ್ಕರ ಬರೆದುಕೊಂಡವನಿಗೆ ನಿಜವನ್ನು ನೆನಪಿಟ್ಟುಕೊಂಡರೆ ಸಾಕು. ತಾಯಿಗೆ ಬರೆಸಿದವನು ನಿಜವನ್ನೂ ತಿಳಿಸಬೇಕು, ಅವಳ ನಿದ್ದೆಯನ್ನೂ ಉಳಿಸಬೇಕು.

ಫ್ರಾನ್ಸಿನ ನೂವ್ ಶಾಪೆಲ್‌ನಲ್ಲಿ 1927ರಲ್ಲಿ ಅನಾವರಣಗೊಂಡ ಭಾರತೀಯ ಸ್ಮಾರಕದ ಮೇಲೆ, ಗೋರಿಯ ಗುರುತೂ ಸಿಕ್ಕದ 4,700ಕ್ಕೂ ಹೆಚ್ಚು ಜನರ ಹೆಸರುಗಳಿವೆ. ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಫ್ರಾನ್ಸಿಗಲ್ಲ, ಈಜಿಪ್ಟ್ ಪ್ಯಾಲೆಸ್ಟೈನ್‌ಗಳಿಗೆ ಹೋದವರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಅವರೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂವರು ಸವಾರರಲ್ಲಿ ಒಬ್ಬ ಮೈಸೂರಿನವನು. ಕಲ್ಲು ತನ್ನ ಕೆಲಸವನ್ನು ಮಾಡಿದೆ: ಹೆಸರು, ಇಸವಿ, ಗೆಲವು. ಸಾಯುವವನಿಗೆ ಬೆಣ್ಣೆ ನೆನಪಾಯಿತು, ತಮ್ಮನ ಚಿಂತೆ ಹತ್ತಿತು, ಪರದೇಶದ ಮುದುಕಿ ಕಾಫಿ ಕೊಟ್ಟಳು ಎಂಬುದನ್ನು ಕಲ್ಲು ಹೇಳಲಾರದು.

ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಕಾಗದದ ಕಟ್ಟುಗಳಿರುವ ಓದುಗರು ನಮ್ಮಲ್ಲಿ ಹಲವರಿದ್ದೀರಿ. ಅದರಲ್ಲಿ ಸೇನೆಗೆ ಹೋದವನ ಕಾಗದವಿದ್ದರೆ, ‘ಕ್ಷೇಮ’ ಎಂದಷ್ಟೇ ಇದೆ, ಬೇರೇನೂ ಇಲ್ಲವೆಂದು ರದ್ದಿಗೆ ಹಾಕಬೇಡಿ. ಬರೆದ ದಿನಾಂಕವನ್ನು ನೋಡಿ, ಆ ದಿನ ಅವನ ಪಲ್ಟಣ ಎಲ್ಲಿತ್ತೆಂದು ವಿಚಾರಿಸಿ, ಆಮೇಲೆ ಆ ಪದವನ್ನು ಮತ್ತೊಮ್ಮೆ ಓದಿ.